ಗಾಜಿನ ತೊಟ್ಟಿಗೆ ಅತ್ತಿವೇರಿಯ ಪಾಠ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ ಅತ್ತಿವೇರಿ. ಮಳೆಗಾಲ ಮುಗಿದು ಚಳಿ ಬೀಳತೊಡಗಿದೊಡನೆ ಅಲ್ಲಿಯ ಜಲಾಶಯಕ್ಕೆ ನೆಂಟರು ಬರತೊಡಗುತ್ತಾರೆ. ಚಮಚದಂಥ ಕೊಕ್ಕಿನ ಸ್ಪೂನ್‌ಬಿಲ್, ನೀರುಕಾಗೆ, ಬಿಳಿ ಕೆಂಬರಲು, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲಕ್ಕೂ ಅಲ್ಲಿ ಜಾಗವುಂಟು. ಸುಮಾರು 2.23 ಚದರ ಕಿಲೋಮೀಟರ್ ವಿಸ್ತಾರದ ಈ ಪಕ್ಷಿಧಾಮದಲ್ಲಿ ಹಕ್ಕಿಗಳು ಕೂತ ಮರಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಹಿಕ್ಕೆ ಹಗಲಿರುಳೂ ನೀರಿಗೆ ಬೀಳುತ್ತಲೇ ಇರುತ್ತದೆ. ಎಲೆ ಉದುರಿ ಕೊಳೆಯುತ್ತದೆ. ಯಾರೂ ಆ ನೀರನ್ನು ಬಸಿದು ಹೊಸ ನೀರು ತುಂಬುವುದಿಲ್ಲ, ಔಷಧ ಸುರಿಯುವುದಿಲ್ಲ. ಆದರೂ ಅಲ್ಲಿ ಮೀನು ಬದುಕಿವೆ. ಇಷ್ಟೊಂದು ಹಕ್ಕಿಗಳು ವರ್ಷವರ್ಷವೂ ಬಂದಿಳಿಯುವುದೇ ಅದಕ್ಕೆ ಸಾಕ್ಷಿ.

ಈಗ ಇನ್ನೊಂದು ನೋಟ. ಮುಂಡಗೋಡದಲ್ಲೋ ಹುಬ್ಬಳ್ಳಿಯಲ್ಲೋ ಇರುವ ಯಾವುದೇ ಮನೆಯ ಪಡಸಾಲೆ ಎಂದುಕೊಳ್ಳಿ. ಮಗುವಿನ ಹುಟ್ಟುಹಬ್ಬಕ್ಕೆಂದು ಎರಡಡಿ ಉದ್ದದ ಗಾಜಿನ ತೊಟ್ಟಿ ಬಂದಿದೆ. ನಾಲ್ಕು ಗೋಲ್ಡ್ ಫಿಶ್, ಎರಡು ಏಂಜೆಲ್, ಆರು ಮೋಲಿ. ಕನ್ನಡಿಯಂಥ ನೀರು, ಬಣ್ಣದ ಕಲ್ಲು, ಗುಳ್ಳೆ ಬಿಡುವ ಪಂಪು. ಐದನೆಯ ದಿನ ಬೆಳಿಗ್ಗೆ ಮಗು ಕೇಳುತ್ತದೆ: "ಅಪ್ಪಾ, ಮೀನ ಯಾಕ ಮ್ಯಾಲೆ ಬಂದು ಬಾಯಿ ತೆರೀಲಿಕ್ಕತ್ತಾವ?" ಅಜ್ಜಿಯ ಉತ್ತರ ಸಿದ್ಧ: "ಹಸದಿರಬೇಕು, ಇನ್ನೊಂದ ಚೂರು ತಿನಸ ಹಾಕು ಮಗಾ." ಅಂಗಡಿಯವನಿಗೆ ಫೋನು ಮಾಡಿದರೆ ಅವನೂ ಧೈರ್ಯ ಹೇಳುತ್ತಾನೆ: "ಏನೂ ಆಗಂಗಿಲ್ರೀ. ನೀಲಿ ಔಷಧ ನಾಕ ಹನಿ ಹಾಕ್ರಿ, ಆರಾಮ ಆಗ್ತಾವು." ಹತ್ತನೆಯ ದಿನಕ್ಕೆ ತೊಟ್ಟಿ ಖಾಲಿ. ಮೈಮೇಲೆ ಗಾಯವಿಲ್ಲ, ಹುಣ್ಣಿಲ್ಲ, ಕಾರಣ ತಿಳಿಯದು. "ನಮ್ಮನಿಗೆ ಮೀನು ಆಗಿ ಬರಂಗಿಲ್ಲ" ಎಂದು ತೊಟ್ಟಿ ಅಟ್ಟ ಸೇರುತ್ತದೆ.

ಹಿಕ್ಕೆ ಬೀಳುವ ನೀರಿನಲ್ಲಿ ಮೀನು ಬದುಕುತ್ತದೆ, ಕನ್ನಡಿಯಂಥ ನೀರಿನಲ್ಲಿ ಸಾಯುತ್ತದೆ. ಈ ಒಗಟನ್ನು ಬಿಡಿಸಿಕೊಂಡರೆ ಮನೆಯ ಅಕ್ವೇರಿಯಂನಲ್ಲಿ ನಡೆಯುವ 'ಕಾರಣವಿಲ್ಲದ' ಸಾವುಗಳಲ್ಲಿ ಬಹುಪಾಲಿಗೆ ಕಾರಣ ಸಿಕ್ಕಂತೆಯೇ.

ಒಂದು ಗ್ರಾಂ ತಿನಿಸಿನ ಲೆಕ್ಕ

ಮನುಷ್ಯನ ದೇಹದ ಸಾರಜನಕದ ಕಸ ಯೂರಿಯಾ ರೂಪದಲ್ಲಿ ಮೂತ್ರದೊಂದಿಗೆ ಹೊರಹೋಗುತ್ತದೆ. ಮೀನು ಆ ಕಸವನ್ನು ಹೆಚ್ಚಾಗಿ ಅಮೋನಿಯ ರೂಪದಲ್ಲಿ, ಅದೂ ಕಿವಿರಿನ ಮೂಲಕ, ನೇರವಾಗಿ ನೀರಿಗೆ ಬಿಡುತ್ತದೆ. ಅಮೋನಿಯಕ್ಕೆ ಬಣ್ಣವಿಲ್ಲ. ತೊಟ್ಟಿಯಲ್ಲಿ ಸೇರುವಷ್ಟು ಅಲ್ಪ ಪ್ರಮಾಣದಲ್ಲಿ ಅದರ ವಾಸನೆಯೂ ತಿಳಿಯದು. ಹಾಗಾಗಿ ನೀರು ತಿಳಿಯಾಗಿ ಕಂಡರೂ ಅದರಲ್ಲಿ ವಿಷ ತುಂಬಿರಬಹುದು.

ಎಷ್ಟು ವಿಷ? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ ಒಂದು ಗ್ರಾಂ ತಿನಿಸು ಹಾಕಿದೆವೆನ್ನಿ. ಅದರಲ್ಲಿ ಶೇಕಡ 40ರಷ್ಟು ಪ್ರೋಟೀನು ಇದ್ದರೆ ಅದು 400 ಮಿಲಿಗ್ರಾಂ. ಪ್ರೋಟೀನಿನಲ್ಲಿ ಸುಮಾರು ಶೇಕಡ 16 ಭಾಗ ಸಾರಜನಕ. ಅಂದರೆ 64 ಮಿಲಿಗ್ರಾಂ. ಅದರಲ್ಲಿ ಅರ್ಧದಷ್ಟು ಅಮೋನಿಯವಾಗಿ ನೀರಿಗೆ ಬಂತೆಂದು ಹಿಡಿದರೂ 30 ಮಿಲಿಗ್ರಾಂ ಆಯಿತು. 50 ಲೀಟರಿಗೆ ಹಂಚಿದರೆ ಲೀಟರಿಗೆ 0.6 ಮಿಲಿಗ್ರಾಂ. ನಾಲ್ಕು ದಿನಕ್ಕೆ 2.4 ಮಿಲಿಗ್ರಾಂ.

ಈ ಅಮೋನಿಯ ನೀರಿನಲ್ಲಿ ಎರಡು ವೇಷದಲ್ಲಿರುತ್ತದೆ. ಒಂದು ಅಮೋನಿಯಂ ಅಯಾನು. ಇದರಿಂದ ಅಷ್ಟು ಅಪಾಯವಿಲ್ಲ. ಇನ್ನೊಂದು ಬರಿಯ ಅಮೋನಿಯ. ಇದೇ ಕಿವಿರನ್ನು ಸುಡುವ ವಿಷ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ನೀರಿನ ಪಿ.ಎಚ್., ಅಂದರೆ ಆಮ್ಲ-ಕ್ಷಾರದ ಅಳತೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ವಿಷದ ಪಾಲು ಶೇಕಡ 0.6ರಷ್ಟು ಮಾತ್ರ. ಪಿ.ಎಚ್. 8 ಆದರೆ ಶೇಕಡ 5. ಅಂದರೆ ಅದೇ ತೊಟ್ಟಿ, ಅದೇ ತಿನಿಸು, ಅದೇ ನಾಲ್ಕು ದಿನ. ಒಂದು ಮನೆಯಲ್ಲಿ ವಿಷ ಲೀಟರಿಗೆ 0.014 ಮಿಲಿಗ್ರಾಂ, ಇನ್ನೊಂದು ಮನೆಯಲ್ಲಿ 0.12 ಮಿಲಿಗ್ರಾಂ. 0.02 ದಾಟಿದರೆ ಮೀನಿಗೆ ಒಳ್ಳೆಯದಲ್ಲವೆಂಬುದು ಸಾಮಾನ್ಯ ಎಚ್ಚರಿಕೆ. "ಪಕ್ಕದ ಮನ್ಯಾಗ ಚಲೋ ಅದಾವು, ನಮ್ಮಲ್ಲಿ ಯಾಕ ಸಾಯ್ತಾವು?" ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಷ್ಟೇ: ಅವರದು ಬಾವಿ ನೀರು, ಇವರದು ಬೋರ್‌ವೆಲ್ ನೀರು.

ಹಸಿದಿರಬೇಕೆಂದು ಅಜ್ಜಿ ಹಾಕಿಸಿದ ಆ 'ಇನ್ನೊಂದು ಚೂರು' ಏನು ಮಾಡಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಾಣದ ಕೆಲಸಗಾರರು

ಹಾಗಾದರೆ ಅತ್ತಿವೇರಿಯ ನೀರಿಗೆ ಬೀಳುವ ಹಿಕ್ಕೆಯೆಲ್ಲ ಎಲ್ಲಿಗೆ ಹೋಯಿತು? ಮೊದಲನೆಯದಾಗಿ ಅಲ್ಲಿ ನೀರು ಅಪಾರ. ಮಳೆಗಾಲದಲ್ಲಿ ಹೊಸ ನೀರು ಹರಿದು ಬರುತ್ತದೆ. ಎರಡನೆಯದಾಗಿ ಪಾಚಿ, ಜೊಂಡು, ಜಲಸಸ್ಯಗಳು ಅಮೋನಿಯವನ್ನು ಗೊಬ್ಬರವಾಗಿ ಹೀರುತ್ತವೆ. ಮೂರನೆಯದಾಗಿ ತಳದ ಕೆಸರು, ಕಲ್ಲು, ಮುಳುಗಿದ ಕಡ್ಡಿ ಎಲ್ಲದರ ಮೇಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಲೋಳೆಯಂತೆ ಹರಡಿಕೊಂಡಿರುತ್ತವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಬಹುಮಟ್ಟಿಗೆ ತಡೆದುಕೊಳ್ಳಬಲ್ಲದು.

ಈ ಬ್ಯಾಕ್ಟೀರಿಯಗಳನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಬೆಳೆಗೆ ಒಗ್ಗಿಸುವ ಕೆಲಸಗಾರರೂ ಇವೇ. ಅಕ್ವೇರಿಯಂಗಳಲ್ಲಿ ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದೆಂದು ಬಹುಕಾಲ ನಂಬಲಾಗಿತ್ತು. ಅಲ್ಲಿ ದುಡಿಯುವುದು ನೈಟ್ರೊಸ್ಪೈರಾ ಬಳಗವೆಂದು 1998ರಲ್ಲಿ ತಿಳಿಯಿತು. ಎರಡೂ ಹಂತಗಳನ್ನು ಒಂದೇ ಜೀವಿ ಮಾಡಬಲ್ಲದೆಂಬುದು ಗೊತ್ತಾದದ್ದು 2015ರಲ್ಲಿ. ಅಂಥ ಜೀವಿ ಸಿಕ್ಕ ಜಾಗಗಳಲ್ಲೊಂದು ಮೀನು ಸಾಕಣೆಯ ಸೋಸುಕವಾಗಿತ್ತು.

ಹೊಸ ಗಾಜಿನ ತೊಟ್ಟಿಯಲ್ಲಿ ಈ ಕೆಲಸಗಾರರು ಇರುವುದಿಲ್ಲ. ಅವು ಬಂದು ನೆಲೆಸಿ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ತೊಟ್ಟಿಯ ತುಂಬ ಮೀನು ಬಿಟ್ಟರೆ ಮೊದಲು ಅಮೋನಿಯ, ಆಮೇಲೆ ನೈಟ್ರೈಟ್ ಎರಡೂ ಏರುತ್ತವೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುವುದರಿಂದ ಪಂಪು ಎಷ್ಟು ಗುಳ್ಳೆ ಬಿಟ್ಟರೂ ಮೀನಿಗೆ ಉಸಿರು ಸಾಲದು. ಅದರ ಕಿವಿರು ಕೆಂಪು ಬಣ್ಣ ಕಳೆದುಕೊಂಡು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ತುರ್ತು ಉಪಚಾರ ಅಡಿಗೆಮನೆಯಲ್ಲೇ ಇದೆ: ಲೀಟರಿಗೆ ಒಂದು ಗ್ರಾಂ ಉಪ್ಪು. ಉಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟ್ ಒಳಗೆ ನುಗ್ಗದಂತೆ ತಡೆಯುತ್ತದೆ.

ಹೊಸ ತೊಟ್ಟಿಗೆ ಒಂದೆರಡು ಗಟ್ಟಿ ಮೀನು ಮಾತ್ರ ಬಿಟ್ಟು, ಬೆರಳ ತುದಿಯಷ್ಟೇ ತಿನಿಸು ಹಾಕಿ, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತ ಒಂದೂವರೆ ತಿಂಗಳು ಕಾಯುವುದು ಬಲ್ಲವರ ಪದ್ಧತಿ. ನಂಬಿಕೆಯ ಸ್ನೇಹಿತರ ಆರೋಗ್ಯವಂತ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದು ಫಿಲ್ಟರಿನಲ್ಲಿಟ್ಟರೆ ಕೆಲಸ ಬೇಗನಾದೀತು. ಮೊಸರಿಗೆ ಹೆಪ್ಪು ಹಾಕಿದಂತೆ.

ತೊಳೆದ ಮರುದಿನದ ಸಾವು

"ಎರಡು ವರ್ಷದಿಂದ ಚೆನ್ನಾಗಿದ್ದವು. ಮೊನ್ನೆ ಚೊಕ್ಕಟವಾಗಿ ತೊಳೆದು ಹೊಸ ನೀರು ತುಂಬಿದೆವು. ಮರುದಿನವೇ ಸತ್ತವು!" ಅಕ್ವೇರಿಯಂ ಇಟ್ಟವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಸುಲಭ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿದಾಗ ಕ್ಲೋರಿನ್ ತಗಲಿ ಬ್ಯಾಕ್ಟೀರಿಯ ಸಾಯುತ್ತವೆ. ತೊಟ್ಟಿಗೆ ಮತ್ತೆ ಮೊದಲ ದಿನದ ಸ್ಥಿತಿ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಹಳೆಯ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು.

ಎರಡನೆಯದು ಮಲೆನಾಡಿನ ಅಂಚಿನವರು ವಿಶೇಷವಾಗಿ ತಿಳಿಯಬೇಕಾದದ್ದು. ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಮೆದು. ಆಮ್ಲವನ್ನು ತಾಳಿಕೊಳ್ಳುವ ಕಾರ್ಬೊನೇಟು ಅದರಲ್ಲಿ ಕಡಿಮೆ. ಬ್ಯಾಕ್ಟೀರಿಯ ಅಮೋನಿಯವನ್ನು ಕರಗಿಸುವಾಗ ಆಮ್ಲ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದಿದ್ದರೆ ಪಿ.ಎಚ್. 6ಕ್ಕೆ, ಇನ್ನೂ ಕೆಳಕ್ಕೆ ಜಾರುತ್ತದೆ. ಅಷ್ಟು ಹುಳಿಯಲ್ಲಿ ಬ್ಯಾಕ್ಟೀರಿಯ ಕೆಲಸ ನಿಧಾನಿಸುತ್ತವೆ, ಅಮೋನಿಯ ಜಮೆಯಾಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದೆಲ್ಲ ನಿರಪಾಯದ ಅಮೋನಿಯಂ ವೇಷದಲ್ಲೇ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ಆಗ ಮನೆಯವರು ಉತ್ಸಾಹದಿಂದ ಅರ್ಧಕ್ಕಿಂತ ಹೆಚ್ಚು ನೀರು ತೆಗೆದು ಪಿ.ಎಚ್. 8ರ ಬೋರ್‌ವೆಲ್ ನೀರು ಸುರಿಯುತ್ತಾರೆ. ತೊಟ್ಟಿಯಲ್ಲಿ ಉಳಿದ ಅಮೋನಿಯಂ ಕ್ಷಣದಲ್ಲಿ ವೇಷ ಕಳಚುತ್ತದೆ. ಒಳ್ಳೆಯದು ಮಾಡಲು ಹೋಗಿಯೇ ಕೊಂದಂತಾಗುತ್ತದೆ.

ಪರಿಹಾರ ಸರಳ. ವಾರಕ್ಕೊಮ್ಮೆ ಐದನೆಯ ಒಂದು ಭಾಗ ನೀರು ಬದಲಿಸಬೇಕು. ಬಹುಕಾಲ ಬಿಟ್ಟ ತೊಟ್ಟಿಯಾದರೆ ದಿನಕ್ಕೆ ಹತ್ತನೆಯ ಒಂದು ಭಾಗದಂತೆ ನಿಧಾನವಾಗಿ.

ಮನೆಯೊಳಗಿನ ಶಂಕಿತರು

ನೀರಿನ ಲೆಕ್ಕ ಸರಿಯಿದ್ದೂ ಮೀನು ಒಮ್ಮೆಗೇ ಸತ್ತರೆ ಪತ್ತೇದಾರನಂತೆ ಮನೆಯೊಳಗೆ ಒಂದು ಸುತ್ತು ಹಾಕಬೇಕು.

ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣ, ಜಿರಲೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳಿರುತ್ತವೆ. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ನೋಡಿ ತಯಾರಿಸಿದ ರಾಸಾಯನಿಕಗಳಿವು. ಮನುಷ್ಯನ ದೇಹ ಇವನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿಗೆ ಆ ಸಾಮರ್ಥ್ಯ ಕಡಿಮೆ. ಅದಕ್ಕೆ ಅತ್ಯಲ್ಪ ಪ್ರಮಾಣವೂ ಘಾತಕ. ಅಕ್ವೇರಿಯಂನ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆಂಬುದನ್ನು ನೆನಪಿಟ್ಟರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಎರಡನೆಯ ಶಂಕಿತ ತಾಮ್ರದ ಹಂಡೆ. ಕುಡಿಯುವವರಿಗೆ ಚೆನ್ನೆನಿಸುವ ತಾಮ್ರದ ಕೊಡದ ನೀರು ಮೀನಿಗೆ ಸಲ್ಲದು. ಮೆದುವಾದ, ಕೊಂಚ ಹುಳಿಯಾದ ನೀರು ರಾತ್ರಿಯಿಡೀ ತಾಮ್ರದಲ್ಲಿ ನಿಂತರೆ ಲೋಹ ಕರಗಿ ಸೇರುತ್ತದೆ. ತಾಮ್ರ ಕಿವಿರಿಗೆ ಕಡು ವೈರಿ. ಅಕ್ವೇರಿಯಂಗೆ ಪ್ಲಾಸ್ಟಿಕ್ ಬಕೆಟ್ಟೇ ಲೇಸು, ಅದೂ ಸೋಪು ತಾಗದ ಪ್ರತ್ಯೇಕ ಬಕೆಟ್ಟು.

ಮೂರನೆಯದು ಗೋಕರ್ಣ, ಕಾರವಾರಗಳ ಕಡಲ ದಂಡೆಯಿಂದ ಮಕ್ಕಳು ಆಯ್ದು ತಂದ ಚಿಪ್ಪು. ಅದು ಸುಣ್ಣದ ವಸ್ತು. ತೊಟ್ಟಿಗೆ ಹಾಕಿದರೆ ನಿಧಾನವಾಗಿ ಕರಗಿ ನೀರನ್ನು ಗಡಸುಗೊಳಿಸಿ ಪಿ.ಎಚ್. ಏರಿಸುತ್ತದೆ. ಮೋಲಿಗೆ ಅದು ಹಿತವಾದೀತು, ಏಂಜೆಲ್‌ಗೆ ಆಗದು.

ನಲ್ಲಿ ನೀರಿನ ಕ್ಲೋರಿನ್ ಹಳೆಯ ಶತ್ರು. ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೊಸಲ್ಫೇಟಿನ ಒಂದೆರಡು ಹರಳು ಸಾಕು. ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ 'ಹೈಪೊ' ಎಂದು ಬಳಸುತ್ತಿದ್ದದ್ದು ಇದನ್ನೇ. ಆಗ ತಾನೇ ಎತ್ತಿದ ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವುದುಂಟು. ಅದಕ್ಕೂ ಒಂದು ದಿನ ಗಾಳಿ ಆಡಿಸುವುದೇ ಮದ್ದು. ಇನ್ನು ಕರೆಂಟು. ರಾತ್ರಿ ಪಂಪು ನಿಂತು, ಬೆಳಗಿನ ಜಾವಕ್ಕೆ ಉಸಿರುಗಟ್ಟಿ, ಮನೆಯವರು ಏಳುವ ಹೊತ್ತಿಗೆ ಪಂಪು ಮತ್ತೆ ಓಡುತ್ತಿದ್ದರೆ ಯಾರಿಗೆ ಗೊತ್ತಾದೀತು?

ಎಲ್ಲವೂ ಒಮ್ಮೆಗೇ, ಒಂದೊಂದಾಗಿಯೇ?

ರೋಗನಿರ್ಣಯದ ಮೊದಲ ಪ್ರಶ್ನೆ ಇದು. ಜಾತಿಭೇದವಿಲ್ಲದೆ ಎಲ್ಲ ಮೀನುಗಳೂ ಕೆಲವೇ ಗಂಟೆಗಳಲ್ಲಿ ತೊಂದರೆಗೊಳಗಾದರೆ ಅಪರಾಧಿ ನೀರು, ವಿಷ ಅಥವಾ ಉಸಿರಿನ ಕೊರತೆ. ಒಂದು ಮೀನಿನಿಂದ ಶುರುವಾಗಿ ದಿನಗಟ್ಟಲೆಯಲ್ಲಿ ಇನ್ನೊಂದಕ್ಕೆ ಹಬ್ಬಿದರೆ ಅದು ಅಂಟುರೋಗ. ಒಂದೇ ಮೀನು ಬಳಲಿ ಉಳಿದವು ಚೆನ್ನಾಗಿದ್ದರೆ ಮುಪ್ಪು, ಗಾಯ, ಒಳರೋಗ ಅಥವಾ ಜಗಳಗಂಟ ನೆರೆಯವ.

ಅಂಟುರೋಗಗಳಲ್ಲಿ ಎಲ್ಲರೂ ಕಂಡಿರುವುದು ಬಿಳಿಚುಕ್ಕೆ ರೋಗ. ಮೈಮೇಲೆ, ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಚುಕ್ಕೆಗಳು. ಮೀನು ಕಲ್ಲಿಗೆ ಮೈ ತಿಕ್ಕುತ್ತದೆ. ಇದಕ್ಕೆ ಕಾರಣವಾದ ಏಕಕೋಶ ಜೀವಿ ಇಕ್ತಿಯೊಫ್ತಿರಿಯಸ್‌ನನ್ನು ಫ್ರಾನ್ಸಿನ ಫೂಕೆ 1876ರಲ್ಲಿ ವರ್ಣಿಸಿದ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕವೂ ಇದನ್ನು ಗುರುತಿಸಬಲ್ಲದು. ಮೀನಿನ ಮೈಯ ಲೋಳೆಯನ್ನು ಮೆಲ್ಲಗೆ ಗಾಜಿನ ಪಟ್ಟಿಗೆ ಸವರಿ, ಒಂದು ಹನಿ ತೊಟ್ಟಿಯ ನೀರು ಹಾಕಿ ನೋಡಿದರೆ ನಿಧಾನವಾಗಿ ಉರುಳುವ ದುಂಡನೆಯ ಜೀವಿಯೂ ಅದರೊಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರವೂ ಕಾಣುತ್ತವೆ.

ಈ ಜೀವಿ ಮೀನಿನ ಚರ್ಮದ ಅಡಿಯಲ್ಲಿ ಬೆಳೆಯುವಾಗ ಔಷಧ ಅದನ್ನು ಮುಟ್ಟದು. ಬಲಿತ ಮೇಲೆ ಅದು ಉದುರಿ ತಳ ಸೇರಿ, ಕವಚ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಈಜುವ ಆ ಮರಿಗಳಿಗೆ ಸುಮಾರು ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಮದ್ದು ತಾಗುವುದು ಈ ಮರಿಗಳಿಗೆ ಮಾತ್ರ. ಆದ್ದರಿಂದಲೇ ಒಂದು ದಿನ ಮದ್ದು ಹಾಕಿ "ಗುಣ ಆಗಲಿಲ್ಲ" ಎನ್ನುವುದರಲ್ಲಿ ಅರ್ಥವಿಲ್ಲ. ನೀರನ್ನು ನಿಧಾನವಾಗಿ 30 ಡಿಗ್ರಿಯವರೆಗೆ ಬಿಸಿ ಮಾಡಿ, ಲೀಟರಿಗೆ 2 ಗ್ರಾಂನಂತೆ ಕಲ್ಲುಪ್ಪನ್ನು ಎರಡು ದಿನಗಳಲ್ಲಿ ಹಂತಹಂತವಾಗಿ ಕರಗಿಸಿ, ಗಾಳಿ ಹೆಚ್ಚಿಸಿ, ಹತ್ತು ಹನ್ನೆರಡು ದಿನ ಬಿಡದೆ ಕಾಯಬೇಕು. 50 ಲೀಟರಿಗೆ 100 ಗ್ರಾಂ ಉಪ್ಪಾಯಿತು. ಬೆಕ್ಕುಮೀನು, ಲೋಚ್ ಮೀನುಗಳಿದ್ದರೆ ಉಪ್ಪು ಕಡಿಮೆ ಇರಲಿ. ಈ ರೋಗ ಚಳಿಗಾಲದ ರಾತ್ರಿ ನೀರು ಥಟ್ಟನೆ ತಣ್ಣಗಾದಾಗ ತಲೆ ಎತ್ತುವುದು ಹೆಚ್ಚು.

ಇಲ್ಲೊಂದು ಮೋಸವಿದೆ. ಬಾಯಿಯ ಸುತ್ತ, ಬೆನ್ನಿನ ಮೇಲೆ ಹತ್ತಿಯಂತೆ ಬೂದು ಬಿಳುಪು ಕಟ್ಟುವ ಇನ್ನೊಂದು ರೋಗವನ್ನು ಜನ ಬೂಷ್ಟು ಎಂದೋ ಬಿಳಿಚುಕ್ಕೆ ಎಂದೋ ತಿಳಿಯುತ್ತಾರೆ. ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯದ ಕೆಲಸ. ಬಿಸಿ ಎಂದರೆ ಇದಕ್ಕೆ ಹಬ್ಬ. ಬಿಳಿಚುಕ್ಕೆಗೆ ಜೀವ ಉಳಿಸುವ 30 ಡಿಗ್ರಿ ಇಲ್ಲಿ ಜೀವ ತೆಗೆಯುತ್ತದೆ. ಬಿಡಿಬಿಡಿ ಕಾಳಿನಂಥ ಚುಕ್ಕೆಯೋ, ಹರಡಿದ ತೇಪೆಯೋ ಎಂದು ಭೂತಗನ್ನಡಿ ಹಿಡಿದು ನೋಡದೆ ಹೀಟರ್ ತಿರುಗಿಸಬಾರದು.

ಹೊಟ್ಟೆ ಉಬ್ಬಿ, ಹಲಸಿನ ಮುಳ್ಳಿನಂತೆ ಪರೆಗಳು ನಿಮಿರಿದರೆ ಅದನ್ನು ಜಲೋದರ ಎನ್ನುತ್ತಾರೆ. ಅದು ರೋಗದ ಹೆಸರಲ್ಲ, ಮೂತ್ರಪಿಂಡ ಸೋತಿರುವುದರ ಲಕ್ಷಣ. ಆ ಹಂತದಲ್ಲಿ ಉಳಿಯುವುದು ಅಪರೂಪ. ಮೈಗೆ ದಾರದ ತುಂಡು ನೇತುಬಿದ್ದಂತಿದ್ದರೆ ಅದು ಲಂಗರು ಹುಳು. ಚಪ್ಪಟೆಯಾಗಿ ಓಡಾಡುವ ಹಸಿರು ಬಿಲ್ಲೆಯಂತಿದ್ದರೆ ಮೀನು ಹೇನು. ಎರಡೂ ಸೀಗಡಿಯ ದೂರದ ಬಂಧುಗಳು. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮುಟದಿಂದ ತೆಗೆಯಬಹುದು.

ಮೀನು ತಿಂಗಳುಗಟ್ಟಲೆ ಬಡಕಲಾಗುತ್ತ, ಬೆನ್ನು ಬಾಗುತ್ತ ಹೋದರೆ ಮೀನಿನ ಕ್ಷಯದ ಶಂಕೆ ಇರಲಿ. ಮೈಕೊಬ್ಯಾಕ್ಟೀರಿಯಂ ಮರೈನಂ ಎಂಬ ಈ ಸೂಕ್ಷ್ಮಜೀವಿಯನ್ನು 1926ರಲ್ಲಿ ಅಮೆರಿಕದ ಫಿಲಡೆಲ್ಫಿಯ ಅಕ್ವೇರಿಯಂನ ಮೀನುಗಳಲ್ಲಿ ಗುರುತಿಸಲಾಯಿತು. ಕೈಯ ಗಾಯದ ಮೂಲಕ ಇದು ಮನುಷ್ಯನಿಗೂ ತಗಲಬಲ್ಲದು. ಬೆರಳಿನ ಮೇಲೆ ವಾರಗಟ್ಟಲೆ ಮಾಯದ ಗಂಟು ಎದ್ದರೆ "ಮನೆಯಲ್ಲಿ ಮೀನು ಸಾಕಿದ್ದೇವೆ" ಎಂದು ವೈದ್ಯರಿಗೆ ಹೇಳಲೇಬೇಕು. ಗಾಯವಿದ್ದ ಕೈಯನ್ನು ತೊಟ್ಟಿಗೆ ಹಾಕಬಾರದು.

ಬಾಟಲಿಗೆ ಕೈ ಹಾಕುವ ಮುನ್ನ

ಮೀನು ಬಳಲಿದೊಡನೆ ನೀಲಿ ಔಷಧ, ಹಸಿರು ಔಷಧ, ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು, ಹೀಗೆ ಸಿಕ್ಕಿದ್ದೆಲ್ಲ ತೊಟ್ಟಿಗೆ ಬೀಳುವುದುಂಟು. ನೀಲಿ ಔಷಧವಾದ ಮೆಥಿಲೀನ್ ಬ್ಲೂ ಅಮೋನಿಯ ಕರಗಿಸುವ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ಅದನ್ನು ಬೇರೆ ಟಬ್ಬಿನಲ್ಲಿ ಬಳಸಬೇಕೇ ಹೊರತು ತೊಟ್ಟಿಯಲ್ಲಲ್ಲ. ಹಸಿರು ಔಷಧ ಮಲಕೈಟ್ ಗ್ರೀನ್ ತಿನ್ನುವ ಮೀನಿಗೆ ಸರ್ವಥಾ ಸಲ್ಲದು. ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ ನಿಷ್ಫಲವಾಗುತ್ತದೆ; ಚರಂಡಿ ಸೇರಿ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. ಆ ಸಾಲವನ್ನು ತೀರಿಸಬೇಕಾದವರು ಮುಂದೆ ಆಸ್ಪತ್ರೆ ಸೇರುವ ಮನುಷ್ಯರು.

ಸರಿಯಾದ ಕ್ರಮ ಹೀಗಿದೆ:

1. ತಿನಿಸು ನಿಲ್ಲಿಸಿ. ಬಲಿತ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗದು.

2. ಅಮೋನಿಯ, ನೈಟ್ರೈಟ್, ಪಿ.ಎಚ್. ಪರೀಕ್ಷಿಸಿ. ಇದಕ್ಕೆ ಅಂಗಡಿಯಲ್ಲಿ ಕಿಟ್ ಸಿಗುತ್ತದೆ.

3. ಕ್ಲೋರಿನ್ ಹೋದ, ಅದೇ ಉಷ್ಣತೆಯ ನೀರಿನಿಂದ ಕಾಲು ಭಾಗ ಬದಲಿಸಿ, ಗಾಳಿ ಹೆಚ್ಚಿಸಿ. ಬಹುಕಾಲ ನೀರು ಬದಲಿಸದ ತೊಟ್ಟಿಯಾದರೆ ಹತ್ತನೆಯ ಒಂದು ಭಾಗ ಮಾತ್ರ.

4. ಬಳಲಿದ ಮೀನನ್ನು ಬೇರೆ ಟಬ್ಬಿಗೆ ಸರಿಸಿ. ಅದರ ಬಲೆ, ಬಕೆಟ್ಟು ಬೇರೆ ಇರಲಿ.

5. ಕಿವಿರು, ಚರ್ಮ, ರೆಕ್ಕೆ, ಮಲ ನೋಡಿ ಬರೆದಿಡಿ. ಆಮೇಲೆ ಒಂದೇ ಒಂದು ಮದ್ದು.

ರೋಗ ತಿಳಿಯದಿದ್ದರೆ ಪಶುವೈದ್ಯರನ್ನೋ ಮೀನುಗಾರಿಕೆ ಇಲಾಖೆಯವರನ್ನೋ ಕೇಳಬಹುದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ರೋಗಗಳ ತಜ್ಞರಿದ್ದಾರೆ. ಉಳಿಯುವ ಆಸೆಯೇ ಇಲ್ಲದ ಮೀನನ್ನು ನರಳಲು ಬಿಡುವುದೂ ದಯೆಯಲ್ಲ. ಒಂದು ಲೀಟರ್ ನೀರಿಗೆ ಎಂಟು ಹತ್ತು ಹನಿ ಲವಂಗದ ಎಣ್ಣೆಯನ್ನು ಚೆನ್ನಾಗಿ ಕುಲುಕಿ ಬೆರೆಸಿದರೆ ಮೀನು ಅದರಲ್ಲಿ ಮಂಪರು ಬಂದು ನೋವಿಲ್ಲದೆ ಕಣ್ಮುಚ್ಚುತ್ತದೆ. ಕಿವಿರಾಟ ನಿಂತ ಮೇಲೂ ಹತ್ತು ನಿಮಿಷ ಅದರಲ್ಲೇ ಬಿಟ್ಟು, ಹಿತ್ತಿಲಲ್ಲಿ ಹೂಳಬೇಕು.

ಕೆರೆಯಿಂದ ಮನೆಗೆ, ಮನೆಯಿಂದ ಕೆರೆಗೆ

ಹಳ್ಳ ಕೆರೆಗಳ ಪುಟ್ಟ ಮೀನನ್ನು ಹಿಡಿದು ತಂದು ತೊಟ್ಟಿಗೆ ಬಿಡುವ ಆಸೆ ಮಕ್ಕಳಿಗೆ ಸಹಜ. ಪಕ್ಷಿಧಾಮದಿಂದ ಅನುಮತಿಯಿಲ್ಲದೆ ತರುವುದು ಕಾನೂನಿಗೆ ವಿರುದ್ಧ. ಬೇರೆ ಕೆರೆಯಿಂದ ತಂದ ಮೀನಿನಲ್ಲೂ ಒಮ್ಮೊಮ್ಮೆ ಚರ್ಮದಡಿ ಅಕ್ಕಿಕಾಳಿನಂಥ ಹಳದಿ ಗಂಟುಗಳು ಕಂಡು ಮನೆಯವರು ಗಾಬರಿಯಾಗುತ್ತಾರೆ. ಅದು ಕ್ಲಿನೊಸ್ಟೊಮಮ್ ಎಂಬ ಚಪ್ಪಟೆ ಹುಳುವಿನ ಮರಿ. ಅದರ ಬಾಳಿಗೆ ಮೂರು ಮನೆ ಬೇಕು. ಬಲಿತ ಹುಳು ಬಕ ಜಾತಿಯ ಹಕ್ಕಿಯ ಗಂಟಲಲ್ಲಿರುತ್ತದೆ. ಹಕ್ಕಿ ನೀರಿಗೆ ಕೊಕ್ಕಿಟ್ಟಾಗ ಮೊಟ್ಟೆ ನೀರು ಸೇರುತ್ತದೆ. ಮರಿ ಮೊದಲು ನೀರಿನ ಬಸವನಹುಳುವನ್ನು, ಅಲ್ಲಿಂದ ಮೀನನ್ನು ಹೊಕ್ಕು ಗಂಟಾಗಿ ಕಾಯುತ್ತದೆ. ಆ ಮೀನನ್ನು ಹಕ್ಕಿ ನುಂಗಿದರೆ ಚಕ್ರ ಪೂರ್ಣ. ಪಡಸಾಲೆಯಲ್ಲಿ ಬಕ ಇಲ್ಲವಾದ್ದರಿಂದ ಈ ರೋಗ ತೊಟ್ಟಿಯಲ್ಲಿ ಹಬ್ಬುವುದಿಲ್ಲ, ಔಷಧವೂ ಬೇಡ.

ಎದುರು ದಿಕ್ಕಿನ ಪ್ರಯಾಣವೇ ಹೆಚ್ಚು ಅಪಾಯಕರ. ಸಾಕಲಾಗದ, ಕಾಯಿಲೆ ಬಿದ್ದ ಮೀನನ್ನು "ಪಾಪ, ಬದುಕಿಕೊಳ್ಳಲಿ" ಎಂದು ಕೆರೆಗೆ ಬಿಡುವವರಿದ್ದಾರೆ. ರೋಗವೊಂದು ನೀರಿನಿಂದ ನೀರಿಗೆ ಹೇಗೆ ದಾಟುತ್ತದೆಂಬುದಕ್ಕೆ ಮೀನಿನ ಹುಣ್ಣು ರೋಗದ ಚರಿತ್ರೆಯನ್ನು ನೋಡಬೇಕು. 1971ರಲ್ಲಿ ಜಪಾನಿನಲ್ಲಿ, 1972ರಲ್ಲಿ ಆಸ್ಟ್ರೇಲಿಯದಲ್ಲಿ ಕಂಡ ಇದು ಆಗ್ನೇಯ ಏಷ್ಯವನ್ನು ದಾಟಿ 1988ರಲ್ಲಿ ಭಾರತದ ಈಶಾನ್ಯ ರಾಜ್ಯಗಳಿಗೆ, 1991ರಲ್ಲಿ ಕೇರಳಕ್ಕೆ ಬಂತು. 2006-07ರಲ್ಲಿ ಆಫ್ರಿಕದ ಜಾಂಬೆಜಿ ನದಿಯನ್ನೂ ಮುಟ್ಟಿತು. ಕಾರಣ, ಅಫನೊಮೈಸಿಸ್ ಇನ್ವಡನ್ಸ್ ಎಂಬ ನೀರು ಬೂಷ್ಟು. ಹಾವಿನ ತಲೆಯ ಮುರ್ರೆಲ್, ಪುಂಟಿಯಸ್ ಜಾತಿಯ ಸಣ್ಣ ಮೀನುಗಳ ಮಾಂಸವನ್ನೇ ಕೊರೆಯುವ ಕೆಂಪು ಹುಣ್ಣು. ಕುಟ್ಟನಾಡಿನ ಕಡೆ ಜನ ಹೆದರಿ ಮೀನು ಕೊಳ್ಳುವುದನ್ನೇ ಬಿಟ್ಟಾಗ ಒಳನಾಡು ಮೀನುಗಾರರ ಒಲೆ ಆರಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 'ಸಿಫಾಕ್ಸ್' ಎಂಬ ಮದ್ದು ತಯಾರಿಸಿತು. ಕೊಳಕ್ಕೆ ಅದನ್ನೋ ಸುಣ್ಣವನ್ನೋ ಹಾಕಬಹುದು. ಜಲಾಶಯಕ್ಕೆ, ನದಿಗೆ ಹಾಕುವವರು ಯಾರು?

ಒಂದು ಮನೆಯ ಒಂದು ಬಕೆಟ್ ನೀರಿನಿಂದ ಇಷ್ಟೆಲ್ಲ ಆಗಲೇಬೇಕೆಂದಿಲ್ಲ. ಆದರೆ ರೋಗ ದಾಟಲು ಅಷ್ಟೇ ಸಾಕು. ತೊಟ್ಟಿಯ ನೀರನ್ನು ಹೂಗಿಡಕ್ಕೆ ಹಾಕಿ. ಅದರ ನೈಟ್ರೇಟ್ ಒಳ್ಳೆಯ ಗೊಬ್ಬರ. ಹಳ್ಳಕ್ಕೆ ಬೇಡ. ಬೇಡವಾದ ಮೀನನ್ನು ಅಂಗಡಿಗೋ ಸ್ನೇಹಿತರಿಗೋ ಕೊಡಿ.

ಮೂರು ಕೆಲಸ

ಅತ್ತಿವೇರಿಯಲ್ಲಿ ಹೊಸ ನೀರು ತರಲು ಮಳೆಯಿದೆ, ಕಸ ಕರಗಿಸಲು ಕೆಸರಿದೆ, ಕಾಯಿಲೆ ಬಿದ್ದು ನಿಧಾನಿಸಿದ ಮೀನನ್ನು ಉಳಿದವುಗಳ ನಡುವಿನಿಂದ ಎತ್ತಿಬಿಡಲು ಹಕ್ಕಿಯಿದೆ. ಗಾಜಿನ ತೊಟ್ಟಿಯಲ್ಲಿ ಈ ಮೂವರೂ ಇಲ್ಲ. ವಾರಕ್ಕೊಮ್ಮೆ ನೀರು ಬದಲಿಸುವ ಕೈಯೇ ಅಲ್ಲಿ ಮಳೆ. ಬ್ಯಾಕ್ಟೀರಿಯ ಸಾಯದಂತೆ ಕಾಪಾಡಿಕೊಂಡ ಸ್ಪಂಜೇ ಕೆಸರು. ಬಳಲಿದ ಮೀನನ್ನು ಬೇರೆ ಟಬ್ಬಿಗೆ ಎತ್ತುವ, ಹೊಸದಾಗಿ ತಂದ ಮೀನನ್ನು ಮೂರು ನಾಲ್ಕು ವಾರ ಬೇರೆಯೇ ಇಟ್ಟು ನೋಡುವ ಎಚ್ಚರವೇ ಹಕ್ಕಿ.

ಅಟ್ಟ ಸೇರಿದ ತೊಟ್ಟಿಯನ್ನು ಕೆಳಗಿಳಿಸಬಹುದು. ಈ ಸಲ ಎರಡೇ ಮೀನು ತಂದರೆ ಸಾಕು. ಮಗು ಚಿಟಿಕೆ ತಿನಿಸು ಹಿಡಿದು ಬಂದಾಗ ಅಜ್ಜಿ ಅದರಲ್ಲಿ ಅರ್ಧವನ್ನು ಡಬ್ಬಿಗೇ ಹಾಕಿಸಿದರೆ ಇನ್ನೂ ಒಳ್ಳೆಯದು.